ಸಂಡಿಗೆ ಒಣಗಿಸಿದ ಡಿಶ್ಶು

ಉತ್ತರ ಬರಲಿಲ್ಲ ಎಂದರೆ ಆ ಕಡೆ ಯಾರೂ ಇಲ್ಲ ಎಂದು ಅರ್ಥವಲ್ಲ. ಈ ಮಾತನ್ನು ನನ್ನ ಹೆಂಡತಿ ಪುಟ್ಟಲಕ್ಷ್ಮಿಗೆ ಎಷ್ಟು ಸಲ ಹೇಳಿದ್ದೆನೋ. ಶಾಂತಿಗ್ರಾಮದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿಕೊಂಡಿರುವ ನನಗೆ ಬೇರೆ ಲೋಕದ ಜೀವಿಗಳ ಹುಚ್ಚು ಯಾಕೆ ಹಿಡಿಯಿತೋ ಗೊತ್ತಿಲ್ಲ. ಕೇಬಲ್‌ನವರು ಬಿಸಾಡಿದ್ದ ದೊಡ್ಡ ಡಿಶ್ಶನ್ನು ತಾರಸಿಗೆ ಏರಿಸಿ, ರೇಡಿಯೋ ಜೋಡಿಸಿ, ಬಿಡುವಾದಾಗಲೆಲ್ಲ ಕೆಳಗೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಕೇಳಿಸುತ್ತಿದ್ದುದು ಬರೀ ಸುಯ್ ಎನ್ನುವ ಸದ್ದು. ಒಂದು ಭಾನುವಾರ ಆ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಹೆಡ್‌ಫೋನ್ ಕಿತ್ತಿಟ್ಟು ಮೇಲೆ ಓಡಿ ನೋಡಿದರೆ, ಇವಳು ಡಿಶ್ಶಿನೊಳಗೆ ನನ್ನ ಪಂಚೆ ಹಾಸಿ ಆಲೂಗಡ್ಡೆ ಸಂಡಿಗೆ ಒಣಗಲು ಹಾಕುತ್ತಿದ್ದಳು. “ಇದ್ರಿಂದ ಈ ಮನೆಗಾದ ಉಪಕಾರ ಇದೊಂದೇ ಕಣ್ರೀ” ಎಂದಳು. “ಅಷ್ಟ್ ದೂರದೋರು ಮಾತಾಡೋದು ಕೇಳ್ಬೇಕು ನಿಮ್ಗೆ. ಅಡಿಗೆಮನೇಲಿ ನಾನ್ ಕೂಗ್ಕೊಳೋದು ಕೇಳಾಕಿಲ್ಲ. ಅವ್ರು ಬರಂಗಿದ್ರೆ ಒಂದಿನ ಮುಂಚೆ ಯೋಳಿ, ಮುದ್ದೆ ಕಟ್ಟೋಳು ನಾನೇ ತಾನೆ?”

ಈ ವರ್ಷ ಶ್ರಾವಣದಲ್ಲಿ ಅವಳು ಹೋದಳು. ಜ್ವರ ಎಂದು ಹಾಸನಕ್ಕೆ ಕರೆದುಕೊಂಡು ಹೋದವನು ಆಂಬುಲೆನ್ಸಿನಲ್ಲಿ ಅವಳ ಹೆಣದ ಪಕ್ಕ ಕೂತು ಒಬ್ಬನೇ ಮಾತಾಡಿಕೊಂಡು ವಾಪಸು ಬಂದೆ.

ಹಾಲುತುಪ್ಪದ ದಿನ, ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ ಅವಳಿಗಿಷ್ಟವಾದದ್ದನ್ನೆಲ್ಲ ಎಡೆಯಿಟ್ಟು ಹಿಂದೆ ಸರಿದು ನಿಂತೆವು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಆಗ ಮನೆಯವರು ಗಟ್ಟಿಯಾಗಿ ಏನಾದರೂ ಮಾತು ಕೊಡಬೇಕು. ಕಾಗೆಗಳು ತೆಂಗಿನ ಮರದಿಂದ ಅಲ್ಲಾಡಲಿಲ್ಲ. ಹೊಳೆನರಸೀಪುರಕ್ಕೆ ಕೊಟ್ಟಿರುವ ಮಗಳು “ನಿನ್ ಹಸ ಮಾರಾಕ್ ಬಿಡಾಕಿಲ್ಲ ಕಣವ್ವ” ಎಂದಳು. ಬರಲಿಲ್ಲ. ಕೊನೆಗೆ ಬಾಗೂರಿನಿಂದ ಬಂದಿದ್ದ ಪುಟ್ಟಲಕ್ಷ್ಮಿಯ ತಮ್ಮ ನನ್ನ ಕಡೆ ತಿರುಗಿದ. “ಭಾವ, ಆ ಡಿಶ್ ಕಿತ್ತಾಕ್ತೀನಿ ಅಂದ್ಬುಡಿ. ಅಕ್ಕಂಗೆ ಸಿಟ್ಟು ಅದ್ಕೇ ಇರೋದು.” ಆಕಾಶಕ್ಕೆ ಕಿವಿಗೊಟ್ಟು ಎಷ್ಟೋ ವರ್ಷ ಕಾದವನು ನಾನು. ಅವತ್ತು ಆ ತೆಂಗಿನ ಮರ ನೋಡುತ್ತಾ ಕಾದಹಾಗೆ ಎಂದೂ ಕಾದಿರಲಿಲ್ಲ. “ಕಿತ್ತಾಕ್ತೀನಿ ಕಣೇ” ಎಂದೆ. ಒಂದು ಕಾಗೆ ಇಳಿದು ಬಂದು ಬೋಂಡ ಕಚ್ಚಿಕೊಂಡಿತು. ಎಲ್ಲರೂ ಕಣ್ಣೊರೆಸಿಕೊಂಡರು. ಭಾವಮೈದ “ನಾನ್ ಯೋಳ್ಲಿಲ್ವಾ” ಎಂದ.

ಆದರೆ ನನ್ನ ಹುಚ್ಚಿಗೂ ಒಂದು ನಿಯಮವಿದೆ. ಒಂದೇ ಸಲ ಬಂದ ಸಿಗ್ನಲನ್ನು ನಂಬಬಾರದು, ಅದು ಮತ್ತೆ ಬರಬೇಕು. ಹಾಗಾಗಿ ದಿನಾ ಬೆಳಿಗ್ಗೆ ತಾರಸಿಯಲ್ಲಿ ಒಂದು ಚೂರು ಮುದ್ದೆ ಇಡುತ್ತೇನೆ. ಡಿಶ್ಶನ್ನು ಬೇಕೆಂದೇ ಕಿತ್ತಿಲ್ಲ. ಮಾತಿಗೆ ತಪ್ಪಿದ್ದೇನೆಂದು ಕಾಗೆ ಒಂದು ದಿನವಾದರೂ ಮುದ್ದೆ ಮುಟ್ಟದೆ ಹೋದರೆ, ಅವಳೇ ಎಂದು ನನಗೆ ಖಾತ್ರಿಯಾಗುತ್ತದೆ. ಅದೋ, ತಪ್ಪದೆ ಬಂದು, ಡಿಶ್ಶಿನ ಅಂಚಿನಲ್ಲೇ ಕೂತು, ನಾನು ಕಟ್ಟಿದ ಗಂಟುಗಂಟು ಮುದ್ದೆಯನ್ನು ತೆಪ್ಪಗೆ ತಿಂದು ಹೋಗುತ್ತದೆ. ಪುಟ್ಟಲಕ್ಷ್ಮಿಯಾಗಿದ್ದರೆ ಆ ಗಂಟಿಗೇ ಬೈಯುತ್ತಿದ್ದಳು. ಹಾಗಂತ ಡಿಶ್ಶನ್ನು ಕಿತ್ತುಬಿಡಲು ಧೈರ್ಯವಿಲ್ಲ. ಆಮೇಲೆ ಅವಳಿಗೆ ನನ್ನ ಮೇಲೆ ಸಿಟ್ಟಾಗಲು ಏನು ಉಳಿಯುತ್ತದೆ?