ನಮ್ಮತ್ತೆಯೂ ನಾರ್ವೆಯ ರಾಕ್ಷಸಿಯೂ

ನಮ್ಮತ್ತೆ ದೆವ್ವ ಸಾಕಿದ್ದರು ಎಂದರೆ ನೀವು ನಗುತ್ತೀರಿ. ಸೊಸೆಯ ಬಾಯಲ್ಲಿ ಇನ್ನೇನು ಬಂದೀತು ಎಂದೂ ಅನ್ನುತ್ತೀರಿ. ಅನ್ನಿ, ಪರವಾಗಿಲ್ಲ! ಆದರೆ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತರಾದ, ದೇವರಿಗೆ ದೀಪ ಹಚ್ಚದೆ ಕಾಫಿಯನ್ನೂ ಮುಟ್ಟದ ಹೆಂಗಸು, ನೈರೋಬಿಗೆ ಬಂದು ನಾರ್ವೆ ದೇಶದ ದೆವ್ವಗಳನ್ನು ಮನೆಗೆ ಕರೆತಂದು ಹಾಡಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಕಿವಿಯಾರೆ ಕೇಳಿದವಳೂ ನಾನೇ, ಅದನ್ನು ಹೇಗೆ ಮರೆಯಲಿ?

ಅವರು ಬಂದದ್ದೇ ನನಗಾಗಿ. ಆಗ ನಾವು ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿದ್ದೆವು. ನನ್ನ ಮೊದಲ ಬಸಿರು ಐದು ತಿಂಗಳಿಗೇ ಹೋಗಿತ್ತು. ಎರಡನೆಯದು ನಿಂತಿದೆ ಎಂದು ತಿಳಿದ ದಿನದಿಂದ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚು. ಕೆಮ್ಮಿದರೆ ಹೆದರಿಕೆ, ಸೀನಿದರೆ ಹೆದರಿಕೆ, ಮೆಟ್ಟಿಲು ಕಂಡರೆ ಹೆದರಿಕೆ. ಡಾಕ್ಟರು ಬೇರೆ ಹಾಸಿಗೆ ಬಿಟ್ಟು ಏಳಕೂಡದು ಎಂದುಬಿಟ್ಟರು. ನಮ್ಮವರು ಗಾಬರಿಯಲ್ಲಿ ಮೈಸೂರಿಗೆ ಫೋನ್ ಮಾಡಿದರು. ಅತ್ತೆ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಹಪ್ಪಳದ ಕಟ್ಟುಗಳ ಸಮೇತ ವಿಮಾನ ಇಳಿದರು.

ಬಸುರಿ ಸೊಸೆಯನ್ನು ಕಂಡ ಅತ್ತೆ ಏನು ಮಾಡಬೇಕು ಹೇಳಿ? ಗಂಡೋ ಹೆಣ್ಣೋ ಎನ್ನಬೇಕು, ಹೆಸರು ಹುಡುಕಬೇಕು, ಕುಲಾವಿ ಹೆಣೆಯಬೇಕು. ನಮ್ಮತ್ತೆ ಅದೊಂದನ್ನೂ ಮಾಡಲಿಲ್ಲ. ಹೊತ್ತುಹೊತ್ತಿಗೆ ಊಟ, ಮಾತ್ರೆ, ಕಾಲಿಗೆ ಎಣ್ಣೆ, ಎಲ್ಲ ಸರಿ. ಆದರೆ ನನ್ನ ಹೊಟ್ಟೆಯ ಕಡೆ ತಪ್ಪಿಯೂ ನೋಡರು! ಮಗುವಿನ ಮಾತೆತ್ತಿದರೆ "ಹುಳಿಗೆ ಉಪ್ಪು ಸರಿಯಾಗಿದ್ಯಾ?" ಎನ್ನುವರು. ಹೋದ ಸಲ ಉಳಿಸಿಕೊಳ್ಳಲಿಲ್ಲ ಎಂದು ಇವರಿಗೆ ನನ್ನ ಮೇಲೆ ಸಿಟ್ಟೇನೋ ಎಂದು ಗೋಡೆ ಕಡೆ ತಿರುಗಿ ಅತ್ತದ್ದೂ ಉಂಟು.

ಇಂಥ ದಿನಗಳಲ್ಲಿ ನಮ್ಮ ಮೇಲಿನ ಫ್ಲ್ಯಾಟಿನ ನಾರ್ವೆಯವನು ಊರಿಗೆ ಹೊರಟ. ಮೀನು ಸಾಕಣೆಯ ಯಾವುದೋ ಯೋಜನೆಗೆ ಬಂದಿದ್ದವನು. ಸೊಂಟದವರೆಗೆ ಕೂದಲು, ಯಾವಾಗಲೂ ಕಪ್ಪು ಟೀಶರ್ಟು, ಮಾತು ಮಾತ್ರ ಬೆಣ್ಣೆ. ಇಲ್ಲಿಂದ ಹೊರಡುವ ವಿದೇಶಿಯರೆಲ್ಲ ಮಾಡುವ ಹಾಗೆ ಅವನೂ ಮನೆ ಸಾಮಾನನ್ನೆಲ್ಲ ಹರಡಿ ಮಾರಾಟಕ್ಕಿಟ್ಟ. ಇಡ್ಲಿ ಬೇಯಿಸಲು ದೊಡ್ಡ ಪಾತ್ರೆ ಸಿಕ್ಕೀತು ಎಂದು ಅತ್ತೆ ಮೆಟ್ಟಿಲು ಹತ್ತಿದರು. ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಕೈಯಲ್ಲಿ ಪಾತ್ರೆಯಿಲ್ಲ! ಒಂದು ಸಿ.ಡಿ. ಪ್ಲೇಯರ್, ಒಂದೇ ಒಂದು ಸಿ.ಡಿ.

ಆ ಸಿ.ಡಿ.ಯ ಮುಖಪುಟ ನೋಡಿ ನಾನು ಹೊದಿಕೆಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ಕತ್ತಲೆ ಕಾಡು, ಅದರ ಮುಂದೆ ಕೂದಲು ಕೆದರಿಕೊಂಡು ಹಲ್ಲು ಕಿರಿದು ನಿಂತ ಮುದುಕಿ. ಮೇಲೆ ಹೆಸರೇನೋ ಇತ್ತು, ಆದರೆ ಅಕ್ಷರಗಳೆಲ್ಲ ಒಣಗಿದ ಬೇರುಗಳ ಹಾಗೆ ಒಂದಕ್ಕೊಂದು ಸುತ್ತಿಕೊಂಡಿದ್ದವು. ಮಾಟಗಾರರ ತಗಡಿನಲ್ಲೂ ಅಕ್ಷರ ಇದಕ್ಕಿಂತ ದುಂಡಗಿರುತ್ತದೆ.

"ಏನತ್ತೆ ಇದು?"

"ಜಾನಪದ ಕಣೆ."

"ಇದಾ ಜಾನಪದ?"

"ಅವರ ಕಡೇದು. ಬ್ಲ್ಯಾಕ್ ಮೆಟಲ್ ಅಂತಾರಂತೆ. ಅವನು ಕೂರಿಸ್ಕೊಂಡು ಎಲ್ಲಾ ವಿವರಿಸಿದ ಪಾಪ, ಟೀನೂ ಕೊಟ್ಟ. ಅವರಜ್ಜಿ ಹೇಳ್ತಿದ್ದ ಕಥೆಗಳೇ ಎಲ್ಲಾ ಹಾಡೂ. ಕೊಳದಲ್ಲಿ ಕಾಲೆಳೆಯೋನು, ಹಸುವಿನ ಬಾಲ ಇರೋ ಮೋಹಿನಿ, ಎಲ್ಲಾ ಇದಾರೆ. ಈ ಮುದುಕಿ ರಾಕ್ಷಸಿಯಂತೆ, ಇವಳ ಹಾಡು ಹಾಕಿದ್ರೆ ಬೇರೆ ಪಿಶಾಚಿಗಳೂ ಹತ್ರ ಸುಳಿಯಲ್ವಂತೆ!"

"ಮನುಷ್ಯರು ಸುಳೀತಾರಂತಾ ಅತ್ತೆ?"

ಅತ್ತೆ ಹಾಲ್‌ನಲ್ಲಿ, ಬಾಗಿಲಿಗೆ ಎದುರಾಗಿ, ಪ್ಲೇಯರ್ ಇಟ್ಟು ಗುಂಡಿ ಒತ್ತಿದರು.

ಅದನ್ನು ಹೇಗೆ ವರ್ಣಿಸಲಿ? ಮಿಕ್ಸಿಗೆ ತೆಂಗಿನ ಚಿಪ್ಪು ಹಾಕಿ ತಿರುಗಿಸಿದಂಥ ಸದ್ದು, ಅದರ ನಡುವೆ ಕಾದ ಎಣ್ಣೆಯಲ್ಲಿ ಕಾಲಿಟ್ಟವನಂತೆ ಅರಚುವ ಒಬ್ಬ ಗಂಡಸು. ನೆಲ ಒರೆಸುತ್ತಿದ್ದ ನಮ್ಮ ಮನೆಗೆಲಸದ ವಂಜಿರು ಬಟ್ಟೆ ಬಿಸಾಕಿ, ಯಾರೋ ಸತ್ತರೆಂದೇ ತಿಳಿದು "ಪೋಲೆ ಮಾಮಾ, ಪೋಲೆ ಸಾನಾ" ಎಂದು ಸ್ವಾಹಿಲಿಯಲ್ಲಿ ನನ್ನನ್ನು ಸಮಾಧಾನ ಮಾಡಲು ಓಡಿಬಂದಳು.

ಸಂಜೆ ನಮ್ಮವರು ಬಂದು "ಅಮ್ಮಾ, ಕೆಳಗಿನ ಮನೆಯವರು ಕಂಪ್ಲೇಂಟ್ ಕೊಡ್ತಾರೆ" ಎಂದರು.

"ಮಟಾಟು ಒಳಗೆ ಇದಕ್ಕಿಂತ ಜೋರಾಗಿ ಹಾಕ್ತಾರಪ್ಪ. ಅಲ್ಲಿ ದುಡ್ಡು ಕೊಟ್ಟು ಕೂತ್ಕೊಂಡು ಬರ್ತೀರಿ" ಎಂದರು ಅತ್ತೆ. ಇಲ್ಲಿನ ಆ ಮಿನಿಬಸ್ಸು ಹತ್ತಿ ಅಭ್ಯಾಸವಿದ್ದ ಮಗ ಕೈಕಾಲು ತೊಳೆಯಲು ಹೋದ.

ನನಗೆ ಹೊಸ ಹೆದರಿಕೆ ಶುರುವಾಯಿತು. ಹೊಟ್ಟೆಯಲ್ಲಿದ್ದಾಗ ಕೇಳಿದ್ದನ್ನು ಕೂಸು ಕಲಿತುಬಿಡುತ್ತದೆ ಎನ್ನುತ್ತಾರಲ್ಲ! ಬೇರೆಯವರ ಮಗು "ಅಮ್ಮ" ಎನ್ನುವಾಗ ನನ್ನದು ಹೀಗೆ ಅರಚಿದರೆ? ಅದಿರಲಿ, ಈ ಸದ್ದಿಗೇ ಬೆಚ್ಚಿ ಏನಾದರೂ ಆಗಿಬಿಟ್ಟರೆ? ಡಾಕ್ಟರನ್ನು ಕೇಳಿದೆ. ಅವರು ಬಿದ್ದು ಬಿದ್ದು ನಕ್ಕರು, ವಾಲ್ಯೂಮ್ ಕಡಿಮೆಯಿರಲಿ ಎಂದರು. ಡಾಕ್ಟರು ನಕ್ಕರೆ ನನಗೆ ಇನ್ನೂ ಹೆದರಿಕೆ.

ಇನ್ನು ನೆಂಟರಿಷ್ಟರ ಪಾಡು. ಪಕ್ಕದ ಬಡಾವಣೆ ಲ್ಯಾವಿಂಗ್ಟನ್ನಿನಿಂದ ನಮ್ಮ ಕನ್ನಡ ಗೆಳತಿಯೊಬ್ಬಳು ಹಣ್ಣು ಹಿಡಿದು ಬಂದಳು. "ಎಷ್ಟು ಕಳೆ ಬಂದಿದೆಯೇ ಮುಖಕ್ಕೆ! ಹೊಟ್ಟೆ ನೋಡಿದ್ರೆ ಗಂಡೇ..." ಎನ್ನುತ್ತಿದ್ದಂತೆ ಅಡುಗೆಮನೆಯಲ್ಲಿದ್ದ ಅತ್ತೆ ದಾಪುಗಾಲು ಹಾಕಿ ಬಂದು ಗುಂಡಿ ಒತ್ತಿದರು. ಗೆಳತಿಯ ಕಾಫಿ ಸೀರೆಗೂ, ಗೆಳತಿ ಲ್ಯಾವಿಂಗ್ಟನ್ನಿಗೂ ಹೋಗಿ ಸೇರಿದವು. ಆಮೇಲೆ ಲೊರೆಶೋ ಬಡಾವಣೆಯಿಂದ, ನಾವೆಲ್ಲ 'ಬಾಯಿ' ಎಂದು ಕರೆಯುವ ಮಂಗಳೂರಿನ ಕ್ರೈಸ್ತ ಹೆಂಗಸು ಬಂದರು. ಮಹಾ ಪ್ರೀತಿಯವರು. "ಒಳ್ಳೆ ಲಕ್ಷಣವಾಗಿದ್ದೀ ಮಾರಾಯ್ತಿ, ಈ ಸಲ ಏನೂ ತೊಂದರೆಯಿಲ್ಲ" ಎಂದದ್ದೇ ತಡ, ಹಾಲ್‌ನಲ್ಲಿ ರಾಕ್ಷಸಿ ಎದ್ದಳು. ಬಾಯಿ "ಸಾಯ್ಬಾ ಭೊಗೋಸ್!" ಎಂದು ಕೊಂಕಣಿಯಲ್ಲಿ ದೇವರ ಕ್ಷಮೆ ಬೇಡಿ, ಶಿಲುಬೆಯ ಗುರುತು ಮಾಡಿಕೊಂಡು ಮೆಟ್ಟಿಲಿಳಿದರು. ಹೀಗೇ ಆದರೆ ಹೆರಿಗೆಗೆ ನನ್ನ ಜೊತೆ ಬರಲು ಊರಲ್ಲಿ ಒಬ್ಬರೂ ಉಳಿಯುವುದಿಲ್ಲ ಎಂದು ನಾನು ಕಣ್ಣೀರಿಟ್ಟೆ.

ಒಂದು ದಿನ ಹಾಡು ಹಾಕಿಕೊಂಡು ಹುರುಳಿಕಾಯಿ ಸೋಸುತ್ತಿದ್ದ ಅತ್ತೆಯನ್ನು ಹಾಸಿಗೆಯಿಂದಲೇ ಕೂಗಿದೆ. ಓಗೊಡಲಿಲ್ಲ. ಎದ್ದು ಹೋಗಿ ನೋಡುತ್ತೇನೆ, ಅವರ ಎರಡೂ ಕಿವಿಯಲ್ಲಿ ಹತ್ತಿ!

"ಅತ್ತೆ! ನಿಮಗೇ ಕೇಳಕ್ಕಾಗಲ್ವಾ ಇದು?"

ಹತ್ತಿ ತೆಗೆದು ಹೇಳಿದರು: "ಅಯ್ಯೋ, ತಲೆ ಸಿಡಿದುಹೋಗತ್ತೆ ಕಣೆ. ಮೊದಲು ನೀನು ಹೋಗಿ ಮಲಕ್ಕೋ."

ಇವರನ್ನು ಏನೆಂದು ತಿಳಿಯಬೇಕು, ನೀವೇ ಹೇಳಿ!

ಎಂಟನೇ ತಿಂಗಳಲ್ಲಿ ಒಂದು ದಿನ ಬೆಳಗಿನಿಂದ ಕೂಸು ಮಿಸುಕಲಿಲ್ಲ. ತಣ್ಣೀರು ಕುಡಿದೆ, ಎಡಕ್ಕೆ ಮಲಗಿದೆ, ಸಿಹಿ ತಿಂದೆ. ಏನೂ ಇಲ್ಲ. ಹೋದ ಸಲವೂ ಹೀಗೆಯೇ ಸುಮ್ಮನಾಗಿತ್ತು. ಹೊಟ್ಟೆ ಹಿಡಿದುಕೊಂಡು ಅತ್ತೆಯ ಮುಖ ನೋಡಿದೆ. ಅವರು ಮಗನಿಗೆ ಫೋನ್ ಮಾಡಿದರು. ಕಾರು ಬಂತು. ಆದರೆ ನೈರೋಬಿಯ ರಸ್ತೆಗೆ ನನ್ನ ಅವಸರ ಗೊತ್ತಾಗಬೇಕಲ್ಲ! ರೌಂಡಬೌಟಿನಲ್ಲಿ ಸಿಕ್ಕಿಕೊಂಡೆವು. ಹಿಂದೆ ಮುಂದೆ ಮಟಾಟು, ಕಿಟಕಿಗೆ ಬಾಳೆಹಣ್ಣು ಮಾರುವವರು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಪಕ್ಕದಲ್ಲಿ ಅತ್ತೆ ವ್ಯಾನಿಟಿ ಬ್ಯಾಗಿಗೆ ಕೈಹಾಕಿ ಆ ಸಿ.ಡಿ. ತೆಗೆದು ಮಗನ ಕೈಗೆ ಕೊಟ್ಟರು.

"ಅಮ್ಮಾ, ಈಗಲಾದ್ರೂ ಅದನ್ನ ಬಿಡು!"

"ಹಾಕೋ ಸುಮ್ಮನೆ."

ಕಾರಿನೊಳಗೆ ರಾಕ್ಷಸಿ ಕೂಗಿದಳು. ಬಾಳೆಹಣ್ಣಿನವನು ಹಾರಿ ಹಿಂದೆ ಸರಿದ. ಟ್ರಾಫಿಕ್ ಪೊಲೀಸಿನವನು ಬಗ್ಗಿ ಒಳಗೆ ನೋಡಿದ: ಮುಂದೆ ಬೆವರುತ್ತಿರುವ ಗಂಡಸು, ಹಿಂದೆ ಅಳುವ ಬಸುರಿ, ಪಕ್ಕದಲ್ಲಿ ಕಿವಿಗೆ ಹತ್ತಿ ಇಟ್ಟು ಕೈಮುಗಿದು ಕುಳಿತ ಮುದುಕಿ. ಏನೂ ಕೇಳದೆ ಓಡಿಹೋಗಿ ದಾರಿ ಬಿಡಿಸಿದ!

ಆಗ, ಎರಡನೇ ಅರಚಾಟಕ್ಕೆ, ನನ್ನ ಪಕ್ಕೆಲುಬಿನ ಕೆಳಗೆ ಧಡ್ ಎಂದು ಒಂದು ಒದೆ ಬಿತ್ತು. ಹಿಂದೆಯೇ ಇನ್ನೊಂದು.

"ಒದೀತು ಅತ್ತೆ! ಇನ್ನೂ ಜೋರು ಮಾಡಿ, ಇನ್ನೂ ಜೋರು!" ಎಂದು ಕೂಗಿದವಳು ನಾನೇ. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ನೋಡಿ, ಕೂಸು ಚೆನ್ನಾಗಿದೆ, ನಿದ್ದೆ ಮಾಡುತ್ತಿತ್ತು ಅಷ್ಟೇ ಎಂದರು.

ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು. ಮನೆಗೆ ಕರೆತಂದ ದಿನ ಫ್ಲ್ಯಾಟ್ ಬಿಕೋ ಎನ್ನುತ್ತಿತ್ತು. ಪ್ಲೇಯರ್ ಕಾಣಲಿಲ್ಲ. ನನಗೆ ಏನೋ ಕಳೆದುಕೊಂಡ ಹಾಗಾಯಿತು.

"ಇವತ್ತು ಹಾಡಿಲ್ವಾ ಅತ್ತೆ?"

"ಇಳಿಸ್ಬಿಟ್ಟೆ."

"ಏನನ್ನ?"

"ದೃಷ್ಟಿಬೊಂಬೇನ. ಕಟ್ಟೋ ಮನೆ ಮುಂದೆ ರಾಕ್ಷಸನ ಬೊಂಬೆ ಕಟ್ಟಿರ್ತಾರಲ್ಲ, ನೋಡೋರ ಕಣ್ಣು ಮನೆ ಮೇಲೆ ಬೀಳ್ದೆ ಅದರ ಮೇಲೆ ಬೀಳಲಿ ಅಂತ. ಗೃಹಪ್ರವೇಶ ಆದ್ಮೇಲೆ ಇಳಿಸ್ತಾರಪ್ಪ. ಹೊಟ್ಟೆ ಮೇಲೆ ಬೊಂಬೆ ಹೇಗೆ ಕಟ್ಟೋದು? ಇದು ಸಿಕ್ತು, ಕಟ್ಟಿದೆ."

ಮುಖದಲ್ಲಿ ಕಳೆ ಕಂಡ ಗೆಳತಿ, ಲಕ್ಷಣ ಹೊಗಳಿದ ಬಾಯಿ, ಇಬ್ಬರೂ ನೆನಪಾದರು. ನಗು ಬಂತು. "ಗಣಿತದ ಮೇಡಮ್ಮು ನೀವು! ಇದನ್ನೆಲ್ಲ ನಂಬ್ತೀರಾ?"

"ನಂಬಲ್ಲ" ಎಂದರು ಅತ್ತೆ. ಸೆರಗಿನ ಅಂಚು ತಿರುವಿದರು. "ಹೋದ ಸಲ ನಂಬದೇನೇ ಮೆರೆದೆನಲ್ಲ. ನೀನು ಫೋನ್ ಮಾಡಿದ ದಿನಾನೇ ಬೀದಿಗೆಲ್ಲ ಮೈಸೂರು ಪಾಕು ಹಂಚಿದೆ. ಕಂಡಕಂಡೋರ ಹತ್ರ ಹೇಳ್ಕೊಂಡು ಬಂದೆ. ಆಮೇಲೆ ಹಾಗಾಯ್ತು. ನನ್ನ ಬಾಯಿಂದಲೇ ಆಯ್ತೇನೋ ಅಂತ ಒಂದು ಸಂಕಟ ಕಣೆ. ಅದಕ್ಕೇ ಈ ಸಲ ನಾನೇ ನಿನ್ನ ಹೊಟ್ಟೆ ಕಡೆ ನೋಡ್ಲಿಲ್ಲ. ಬೀದೀಲಿ ಯಾರಿಗೂ ಹೇಳ್ಲಿಲ್ಲ. ಸಿಂಹ ನೋಡಕ್ಕೆ ಹೋಗ್ತಿದೀನಿ ಅಂತ ಹೇಳಿ ಬಂದೆ."

ಇವರಿಗೆ ನನ್ನ ಮೇಲೆ ಸಿಟ್ಟು ಎಂದುಕೊಂಡಿದ್ದೆನಲ್ಲ! ಕೂಸನ್ನು ಅವರ ತೊಡೆಯ ಮೇಲಿಟ್ಟೆ. ಮೈಸೂರಿನ ಪಕ್ಕದ ಮನೆಯವರ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ. "ಈಗ ಹೇಳಿ ಅತ್ತೆ. ಎಲ್ಲರಿಗೂ ಹೇಳಿ."

ಅತ್ತೆಯ ಕಣ್ಣೀರು ಕೂಸಿನ ಹೊದಿಕೆಯ ಮೇಲೆ ಬೀಳುತ್ತಿತ್ತು. ಆ ಕಡೆಯಿಂದ ದನಿ ಉತ್ಸಾಹದಲ್ಲಿ ಕೇಳುತ್ತಲೇ ಇತ್ತು: "ಹಲೋ, ಹಲೋ, ಏನ್ರೀ ಸಮಾಚಾರ? ಸಿಂಹ ನೋಡಿದ್ರಾ?"

"ನೋಡ್ದೆ ಕಣ್ರೀ" ಎಂದರು ಅತ್ತೆ, ಕೂಸಿನ ಮುಖವನ್ನೇ ನೋಡುತ್ತ. "ಈಗ ನೋಡ್ತಾ ಇದೀನಿ."