ಕೊಂಡಿ ಮರೆತ ಕರಿಮಣಿ ಸರ

ಮದುವೆಗೆ ಮೂರೇ ಗಂಟು ಸಾಕಂತೆ. ಮದುವೆಯೇ ಆಗದ ನಾನು ಮಣಿಗೊಂದರಂತೆ ಗಂಟು ಹಾಕುತ್ತ ಇಡೀ ವಾರ ಕೂತೆ. ಕೊನೆಗೆ ಸಿಕ್ಕಿಬಿದ್ದದ್ದು ಮಾತ್ರ ಮದುವೆಯಾದವರ ಹಾಗೆಯೇ. ಎಪ್ಪತ್ತರ ಹತ್ತಿರ ಬಂದ ರಿಟೈರ್ಡ್ ಇಂಗ್ಲಿಷ್ ಟೀಚರಿಗೆ ಇದು ಬೇಕಿತ್ತೇ ಎಂದು ನೀವು ಕೇಳಬಹುದು. ಸವಣೂರಿನಲ್ಲಿ ಎಲ್ಲರೂ ಕೇಳಿಯಾಗಿದೆ.

ಹಾನಗಲ್ಲಿನ ನನ್ನ ತಂಗಿ ವಿಮಲಾಳ ಗಂಡನಿಗೆ ಅರವತ್ತು ತುಂಬಿತು. ಅರವತ್ತರ ಶಾಂತಿಯಲ್ಲಿ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಬೇಕಲ್ಲ, ಆ ಕರಿಮಣಿ ಸರವನ್ನು ನಾನೇ ಕೈಯಾರೆ ಮಾಡಿ ತರುತ್ತೇನೆಂದು ಫೋನಿನಲ್ಲಿ ಹೇಳಿಬಿಟ್ಟೆ. "ಅಕ್ಕಾ, ಅಂಗಡ್ಯಾಗ ಸಿಗತಾವ," ಎಂದಳು ವಿಮಲಾ. "ಹ್ಯಾಂಡ್‌ಮೇಡ್ ಈಸ್ ಹ್ಯಾಂಡ್‌ಮೇಡ್, ಡಿಯರ್," ಎಂದೆ. ಅವಳು ನಿಟ್ಟುಸಿರುಬಿಟ್ಟಳು. "ನಿನ್ನ ನಂಬಿ ಬ್ಯಾರೆ ತಗೊಳ್ಳಾಂಗಿಲ್ಲ ನೋಡ ಮತ್ತ."

ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ "ನೀಟ್‌ನೆಸ್, ಗರ್ಲ್ಸ್, ನೀಟ್‌ನೆಸ್!" ಎನ್ನುತ್ತಿದ್ದರು. ನನ್ನ ಗಂಟುಗಳು ಅಷ್ಟೇ ನೀಟಾಗಿ ಬಂದವು. ಆದರೆ ಪ್ರತಿ ಗಂಟೂ ಒಂದಿಷ್ಟು ದಾರ ನುಂಗುತ್ತದೆ ಎಂಬುದನ್ನು ಸಿಸ್ಟರ್ ಹೇಳಿರಲಿಲ್ಲ. ಶಾಂತಿಯ ದಿನ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಬಸ್ಸಿಗೆ ಹೊತ್ತಾಗುತ್ತಿದೆಯೆಂದು ಗಡಿಬಿಡಿಯಲ್ಲಿ, ಅಳತೆ ನೋಡಲು ಸರವನ್ನು ನನ್ನ ಕೊರಳಿಗೇ ಹಾಕಿ ಕೊನೆಯ ಗಂಟು ಬಿಗಿದೆ. ಬಿಚ್ಚದಿರಲೆಂದು ಮೇಲೊಂದು ಹನಿ ನೇಲ್ ಪಾಲಿಶ್. ವೆರಿ ಪ್ರೊಫೆಷನಲ್. ಆಮೇಲೆ ನೆನಪಾಯಿತು, ಕೊಂಡಿ ಇಡುವುದನ್ನೇ ಮರೆತಿದ್ದೆ. ಸರ ಗದ್ದ ದಾಟಲಿಲ್ಲ.

ಕತ್ತರಿ ತಾ ಎಂದು ಪಕ್ಕದ ಮನೆಯ ಶಮಶಾದಳನ್ನು ಕೂಗಿದೆ. ಕತ್ತರಿ ಹಿಡಿದೇ ಓಡಿಬಂದವಳು ಕರಿಮಣಿ ಕಂಡು ಕೈ ಹಿಂದೆ ಮಾಡಿಕೊಂಡಳು. "ತೋಬಾ ತೋಬಾ! ಇದಕ್ಕ ಕತ್ರಿ ಹಚ್ಚಾಕ ನಾ ಒಲ್ಲೆರಿ ಟೀಚರ್. ತಂಗೀ ಮನ್ಯಾಗ ಶುಭಕಾರ್ಯ ಇಟ್ಕೊಂಡು!" ನಾನೂ ಕತ್ತರಿ ನೋಡಿದೆ, ಕನ್ನಡಿ ನೋಡಿದೆ. ಶೇಕ್ಸ್‌ಪಿಯರ್ ಪಾಠ ಮಾಡಿದ ಕೈ ಯಾಕೋ ಏಳಲಿಲ್ಲ. ತಂಗಿಗೆಂದು ತೆಗೆದಿಟ್ಟ ಸವಣೂರು ಖಾರದ ಪೊಟ್ಟಣ, ವೀಳ್ಯದೆಲೆಯ ಕಟ್ಟು ಹಿಡಿದು ಹಾಗೆಯೇ ಬಸ್ ಹತ್ತಿದೆ.

ಬಂಕಾಪುರದಲ್ಲಿ ಹತ್ತಿ ಪಕ್ಕಕ್ಕೆ ಕುಳಿತ ಹೆಂಗಸು ಮೊದಲು ನನ್ನ ಕೊರಳು ನೋಡಿದಳು, ಆಮೇಲೆ ಮುಖ.

"ಒಬ್ಬರ ಹೊಂಟೀರೇನ್ರಿ? ಯಜಮಾನ್ರು ಬರಲಿಲ್ಲಾ?"

ಇಡೀ ಕಥೆ ಎಕ್ಸ್‌ಪ್ಲೇನ್ ಮಾಡುವುದಕ್ಕಿಂತ ಒಬ್ಬ ಗಂಡನನ್ನು ಸೃಷ್ಟಿಸುವುದೇ ಸುಲಭವೆನಿಸಿತು. "ಮನ್ಯಾಗ ಅದಾರ್ರಿ. ಸ್ವಲ್ಪ ಶುಗರ್."

"ಹಾಗಲಕಾಯಿ ರಸ ಕುಡಸ್ರಿ."

"ಎಲ್ಲಿ ಕುಡೀತಾರ್ರಿ? ಭಾಳ ಹಟಮಾರಿ."

"ಅಯ್ಯ, ಎಲ್ಲಾರ ಮನ್ಯಾಗೂ ಅದ ಹಾಡು ಬಿಡ್ರಿ!" ಎಂದು ನನ್ನ ತೊಡೆ ತಟ್ಟಿ ನಕ್ಕಳು.

ಸ್ಟಾಫ್ ರೂಮಿನಲ್ಲಿ ಇದೇ ಹಾಡು ಶುರುವಾದಾಗಲೆಲ್ಲ ನಾನು ಪೇಪರ್ ತಿದ್ದುತ್ತ ಕೂತವಳು. ಈಗ ಹಾಡಿನೊಳಗೆ ನನಗೂ ಜಾಗ ಸಿಕ್ಕಿತು ನೋಡಿ, ನಿಲ್ಲಿಸಲಾಗಲಿಲ್ಲ. ಹಾನಗಲ್ಲು ಬರುವಷ್ಟರಲ್ಲಿ ನನ್ನ ಯಜಮಾನರು ಪೇಪರ್ ಓದಿ ಮಡಚದೆ ಬಿಡುವವರೂ, ಪಲ್ಯಕ್ಕೆ ಉಪ್ಪು ಸಾಲದೆನ್ನುವವರೂ, ಸಂಜೆ ನಾನು ಬರುವುದು ತಡವಾದರೆ ಬಾಗಿಲಲ್ಲಿ ನಿಂತು ಕಾಯುವವರೂ ಆಗಿದ್ದರು. ಕೊನೆಯದನ್ನು ಅವಳೇನೂ ಕೇಳಿರಲಿಲ್ಲ. ನಾನೇ ಸೇರಿಸಿದೆ.

ವಿಮಲಾ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟಳು. "ಏನಕ್ಕಾ, ನನ್ನ ಮದಿವಿ ನೋಡಾಕ ಬಂದೀಯೋ, ನಿಂದ ಮುಗಿಸ್ಕೊಂಡು ಬಂದೀಯೋ?" ಒಳಗಿನಿಂದ ಅವಳ ಗಂಡ, "ಅಕ್ಕಾರ, ಹುಡುಗ ಯಾವ ಊರಾಂವರಿ?" ಎಂದ. ಭಟ್ಟರು ಮುಹೂರ್ತ ಮೀರುತ್ತಿದೆಯೆಂದು ಗೊಣಗಿದರು. ಮನೆಯಲ್ಲಿ ಬೇರೆ ಹೊಸ ಸರವಿರಲಿಲ್ಲ. ಕತ್ತರಿ ಹಿಡಿಯಲು ಇಲ್ಲಿಯೂ ಯಾರೂ ಮುಂದಾಗಲಿಲ್ಲ. ಕಡೆಗೆ ವಿಮಲಾ ತಾಂಬೂಲದ ತಟ್ಟೆಯಿಂದ ಅಡಕೊತ್ತು ತಂದಳು. ಅಡಿಕೆ ಒಡೆಯುವುದು, ಮಂಗಳ ವಸ್ತು, ಅದಕ್ಕೆ ದೋಷವಿಲ್ಲವಂತೆ. ಕಟ್ ಎಂದಿತು. ಅಷ್ಟು ಮಣಿಗಳಲ್ಲಿ ಉದುರಿದ್ದು ಒಂದೇ ಒಂದು. ಉಳಿದವನ್ನೆಲ್ಲ ಗಂಟುಗಳು ಹಿಡಿದಿದ್ದವು. ತುದಿಗಳಿಗೆ ಅರಿಶಿನ ದಾರ ಸೇರಿಸಿ, ನಡುವೆ ತಾಳಿ ಪೋಣಿಸಿದರು. ತಂಗಿಯ ಗಂಡ ಮೂರು ಗಂಟು ಹಾಕಿದ. ಅಷ್ಟೇನೂ ನೀಟಾಗಿರಲಿಲ್ಲ. ವಿಮಲಾ ಮಾತ್ರ ಹದಿನೆಂಟರ ಹುಡುಗಿಯ ಹಾಗೆ ತಲೆ ತಗ್ಗಿಸಿದ್ದಳು.

ಉದುರಿದ ಮಣಿಯನ್ನು ಪರ್ಸಿಗೆ ಹಾಕಿಕೊಂಡು ಸಂಜೆ ಬಸ್ ಹತ್ತಿದೆ. ಸಂತೆಯ ಚೀಲ ಹಿಡಿದು ಅದೇ ಹೆಂಗಸು ಕೂತಿದ್ದಳು. ನನ್ನನ್ನು ಕಂಡು ನಕ್ಕವಳ ಕಣ್ಣು ಬರಿಗೊರಳಿಗೆ ಇಳಿಯಿತು. ಚೀಲ ಕೆಳಗೆ ಬಿತ್ತು.

"ಅಯ್ಯ ನಮ್ಮವ್ವಾ! ಮುಂಜಾನೆ ಮನ್ಯಾಗ ಅದಾರ ಅಂದ್ರಲ್ರೀ!"

ನನ್ನ ರೇಷ್ಮೆ ಸೀರೆ ಅವಳಿಗೆ ಕಾಣಲಿಲ್ಲ. "ನೋ ನೋ, ಹಂಗಲ್ರಿ," ಎಂದು ಶುರುಮಾಡಿದೆ. ಅವಳಾಗಲೇ ನನ್ನ ಎರಡೂ ಕೈ ಹಿಡಿದು, "ಕುಂದರ್ರಿ, ಕಿಡಕಿ ಕಡೆ ಕುಂದರ್ರಿ," ಎಂದು ತನ್ನ ಜಾಗ ಬಿಟ್ಟುಕೊಟ್ಟಳು. ಕುಳಿತೆ. ಹೊರಗೆ ಮಾವಿನ ತೋಟಗಳ ಮೇಲೆ ಕತ್ತಲಾಗುತ್ತಿತ್ತು. ಮನೆ ಮುಟ್ಟುವುದು ತಡವಾಗುತ್ತದೆ, ಬಾಗಿಲಲ್ಲಿ ಯಾರೂ ಇರುವುದಿಲ್ಲ ಎಂದು ಯಾಕೋ ಅನ್ನಿಸಿತು.

"ಆ ಹಾಗಲಕಾಯಿ ರಸ ಒಂದು ಕುಡದಿದ್ರ..." ಎಂದು ಅವಳು ಕಣ್ಣೊರೆಸಿಕೊಂಡಳು.

"ಎಷ್ಟು ಹೇಳಿದ್ರೂ ಕೇಳಲಿಲ್ರಿ," ಎಂದೆ. ನನ್ನ ದನಿ ನಿಜಕ್ಕೂ ಗದ್ಗದವಾಗಿತ್ತು.