ಪಾಲಿಮರೇಸಿನ ಬಾಲಕ್ಕೆ ಹೆಂಡತಿಯ ಸೀರೆ

ಹಗಲುಗನಸು ಕಾಣುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ದಿಲ್‌ಸುಖ್‌ನಗರದಲ್ಲಿ ಇರಲಿಲ್ಲ. ಊರಿಗೆ ಊರೇ ಕಂಪ್ಯೂಟರ್ ಕಲಿತು ವಿಮಾನ ಹತ್ತುತ್ತಿದ್ದ ಕಾಲದಲ್ಲಿ ನಾನು ಕೋಚಿಂಗ್ ಸೆಂಟರೊಂದರ ಮೇಲ್ಮಹಡಿಯಲ್ಲಿ ಬಯಾಲಜಿ ಹೇಳಿಕೊಡುತ್ತಿದ್ದೆ. ಕೆಳಮಹಡಿ ಅದೇ ಸೆಂಟರಿನ ಕಂಪ್ಯೂಟರ್ ಕೋರ್ಸಿನವರದು, ಅವರಿಗೆ ಏಸಿ. ನನಗೊಂದು ಫ್ಯಾನು. ಅದೂ ಮನಸ್ಸಾದಾಗ ತಿರುಗುವಂಥದ್ದು.

ರಾಯಚೂರು ಕಡೆಯವರಾದ ನಮ್ಮ ಮಾಲೀಕರು ಒಂದು ದಿನ ಕರೆದರು. "ಸರ್, ಈ ಐತವಾರ ಡೆಮೊ ಕ್ಲಾಸ್ ಮಾಡ್ರಿ. ಹುಡುಗ್ರು ಸೇರಿದ್ರ ಸೈ. ಇಲ್ಲಾಂದ್ರ ಬಯಾಲಜಿ ಬಂದ್!"

ಬಯಾಲಜಿ ಬಂದ್ ಎಂದರೆ ನನ್ನ ನೌಕರಿಯೂ ಬಂದ್. "ಏನ್ ಚಿಂತಿ ಮಾಡಬ್ಯಾಡ್ರಿ" ಎಂದು ನಾನೇ ಅವರಿಗೆ ಧೈರ್ಯ ಹೇಳಿ ಬಂದೆ.

ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಚಹಾ ಹಿಡಿದು ನಿಂತಿದ್ದೆ. ಹೆಂಡತಿ ಗಿರಿಜಾ ಒಣಹಾಕಿದ್ದ ಕೆಂಪು ಇಳಕಲ್ ಸೀರೆ ಗಾಳಿಗೆ ಮೆಲ್ಲಗೆ ಏಳುತ್ತಿತ್ತು, ಬೀಳುತ್ತಿತ್ತು. ಅಂಚಿನುದ್ದಕ್ಕೂ ಬಣ್ಣಬಣ್ಣದ ಕ್ಲಿಪ್ಪುಗಳು. ನೋಡುತ್ತ ನೋಡುತ್ತ ಸೀರೆ ಮಾಯವಾಗಿ ಅಲ್ಲಿ ಆರ್‌ಎನ್‌ಎ ಪಾಲಿಮರೇಸಿನ ಬಾಲ ತೇಲತೊಡಗಿತು! ಚಹಾ ತಣ್ಣಗಾದದ್ದೂ ತಿಳಿಯಲಿಲ್ಲ.

ಜೀನಿನಲ್ಲಿ ಬರೆದದ್ದನ್ನು ನಕಲು ಮಾಡುವುದು ಈ ಪಾಲಿಮರೇಸ್. ಅದಕ್ಕೊಂದು ಉದ್ದನೆಯ ಬಾಲ. ಕೈನೇಸ್ ಎಂಬ ಕಿಣ್ವಗಳು ಬಂದು ಬಾಲಕ್ಕೆ ಫಾಸ್ಫೇಟ್ ಎಂಬ ಕ್ಲಿಪ್ಪುಗಳನ್ನು ಸಿಕ್ಕಿಸುವ ತನಕ ಮಹಾಶಯ ಜೀನಿನ ಬಾಗಿಲಲ್ಲೇ ಸುಮ್ಮನೆ ನಿಂತಿರುತ್ತದೆ. ಸಿಕ್ಕಿಸಿದರೆ ಹೊರಟಿತು! ಸಿಂಗರಿಸಿದ ಆ ಬಾಲ ಹಿಡಿದು ಬೇರೆ ಸಹಾಯಕ ಪ್ರೋಟೀನುಗಳೂ ಹಿಂದೆ ಸಾಗುತ್ತವೆ. ಕೆಲಸ ಮುಗಿದ ಮೇಲೆ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಆ ಫಾಸ್ಫೇಟುಗಳನ್ನು ಕಿತ್ತು ತೆಗೆಯಬೇಕು. ಈ ಕೊನೆಯ ಸಾಲನ್ನು ನಾನೇ ಮರೆಯುತ್ತೇನೆಂದು ಯಾರಿಗೆ ಗೊತ್ತಿತ್ತು?

ಸೀರೆಯನ್ನು ಕ್ಲಿಪ್ಪುಗಳ ಸಮೇತ ಚೀಲಕ್ಕೆ ತುರುಕಿದೆ. ಗಿರಿಜಾಳನ್ನು ಕೇಳಲಿಲ್ಲ. ವಿಜ್ಞಾನದ ಮುಂದೆ ಹೆಂಡತಿಯ ಅನುಮತಿ ಯಾವ ಲೆಕ್ಕ!

ಡೆಮೊಗೆ ಕೋಣೆ ತುಂಬಿತ್ತು. ಸೇಡಂ ಕಡೆಯ ಸವಿತಾ ಎಂಬ ಹುಡುಗಿಯನ್ನು ಪಾಲಿಮರೇಸ್ ಆಗಿ ನೇಮಿಸಿ, ಸೊಂಟಕ್ಕೆ ಸೀರೆಯ ತುದಿ ಕಟ್ಟಿದೆ. ಸಾಲಾಗಿ ಇಟ್ಟ ಬೆಂಚುಗಳೇ ಜೀನು. "ನಾನು ಕ್ಲಿಪ್ ಹಾಕಿದ ಮ್ಯಾಲೆ ನಡಿ. ತೆಗಿಯೋ ತನಕಾ ನಿಲ್ಲಬ್ಯಾಡ" ಎಂದೆ. ಉಳಿದವರಿಗೆ, "ನೀವೆಲ್ಲ ಬಾಲ ಹಿಡ್ಕೊಂಡು ಹಿಂದ ಹೋಗ್ರಿ" ಎಂದು ಅಪ್ಪಣೆ ಕೊಟ್ಟೆ.

ಒಂದೊಂದೇ ಕ್ಲಿಪ್ ಸಿಕ್ಕಿಸಿದೆ. ಸವಿತಾ ಹೊರಟಳು. ಅದೇನು ಕೃಪೆಯೋ, ಫ್ಯಾನೂ ತಿರುಗಿತು! ಸೀರೆ ಉಬ್ಬಿತು, ಕಿಟಕಿಯ ಬಿಸಿಲು ಅದರೊಳಗಿಂದ ಹಾದು ಗೋಡೆಯೆಲ್ಲ ಕೆಂಪಾಯಿತು. ಜೀವಕೋಶದ ಒಳಗೇ ನಿಂತಂತಾಯಿತು ನನಗೆ. ಎಂಥ ಸುಖ! ಹಾಗೇ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಕೋಣೆಯಲ್ಲಿ ಫ್ಯಾನು ಮತ್ತು ನಾನು ಇಬ್ಬರೇ ಇದ್ದೆವು.

ಅಷ್ಟರಲ್ಲಿ ಏದುಸಿರು ಬಿಡುತ್ತ ಗಿರಿಜಾ ಬಂದಳು. ಸಂಜೆ ಪಕ್ಕದ ಮನೆಯ ಸೀಮಂತಕ್ಕೆ ಅದೇ ಸೀರೆ ಉಡುವವಳಿದ್ದಳಂತೆ.

"ಏನ್ರೀ, ನನ್ನ ಸೀರಿ ಎಲ್ಲೈತಿ?"

ಮೆಟ್ಟಿಲ ಬಳಿ ಹೋಗಿ ಬಗ್ಗಿ ನೋಡಿದೆ. "ಅದು... ಕಂಪ್ಯೂಟರ್ ಕೋರ್ಸಿಗೆ ಹೋಗೈತಿ" ಎಂದೆ.

ಇಬ್ಬರೂ ಓಡಿದೆವು. ಏಸಿಯ ತಂಪಿನಲ್ಲಿ ನನ್ನ ಪ್ರೋಟೀನುಗಳೆಲ್ಲ ಕುರ್ಚಿ ಹಿಡಿದಾಗಿತ್ತು.

"ನೀವ ಹೇಳಿದ್ರಲ್ರಿ ಸರ್, ಕ್ಲಿಪ್ ತೆಗಿಯೋ ತನಕಾ ನಿಲ್ಲಬ್ಯಾಡ ಅಂತ" ಎಂದಳು ಸವಿತಾ. "ಇಲ್ಲಿ ಈ ಕಂಪ್ಯೂಟರ್ ಮೇಡಮ್ ಕ್ಲಿಪ್ ತೆಗದ್ರು, ನಿಂತ್ವಿ. ಕೋರ್ಸಿಗೆ ಹೆಸರೂ ಬರಸಿದ್ವಿ. ಇಲ್ಲಿ ಭಾಳ ತಂಪೈತ್ರಿ."

ಗಿರಿಜಾ ಸೀರೆ ಕೊಡವಿಕೊಂಡು ನನ್ನ ಕಡೆ ನೋಡಿದ ನೋಟಕ್ಕೆ ಯಾವ ಕಿಣ್ವವೂ ತಡೆಯುತ್ತಿರಲಿಲ್ಲ.

ನೌಕರಿ ಹೋಯಿತೆಂದು ತಲೆ ತಗ್ಗಿಸಿ ನಿಂತೆ. ಮಾಲೀಕರು ಬಂದು ನನ್ನ ಕೈ ಹಿಡಿದು ಕುಲುಕಿಯೇ ಕುಲುಕಿದರು. "ಏನ್ ಸರ್ ನೀವು! ಇಷ್ಟು ಮಂದೀನ ಒಮ್ಮೇಲೆ ಕೆಳಗ ಕಳಿಸಿದ್ರಿ! ಬಯಾಲಜಿ ಬಿಡ್ರಿ. ನಾಳಿಂದ ಬಾಗಿಲದಾಗ ಕೂಡ್ರಿ."

ಹಾಗೆ ಕುಳಿತೆ. ಬಂದವರ ಅಂಗಿಗೆ ಬ್ಯಾಡ್ಜ್ ಸಿಕ್ಕಿಸಿ ಕಂಪ್ಯೂಟರ್ ಕೋಣೆಗೆ ಅಟ್ಟುವುದೇ ನನ್ನ ಕೆಲಸ. ನೌಕರಿ ಉಳಿಯಿತು. ಆದರೂ ಸಂಕಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮೊನ್ನೆ ಗಿರಿಜಾ ಹೊಸ ಬಾಡಿಗೆಯವರಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದಳು. ಬಯಾಲಜಿಯ ಇಷ್ಟು ವರ್ಷಗಳಲ್ಲಿ ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಕಂಡೇ ಇರಲಿಲ್ಲ.

"ನಮ್ಮವರು ಈಗ ಕಂಪ್ಯೂಟರ್ ಲೈನಿನ್ಯಾಗ ಅದಾರ್ರಿ!"